‘ಪರವಾಗಿಲ್ಲ’ ಎಂದ ತಪ್ಪು

ಯುಟ್ರೆಕ್ಟ್‌ನ ಹಳೆಯ ಬೀದಿಯೊಂದರಲ್ಲಿ, ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿ ಬೆಳಿಗ್ಗೆ ಎಂಟಕ್ಕೆ ಬರಬೇಕಿದ್ದ ನರ್ಸ್‌ಗಾಗಿ ಹನ್ನೊಂದರವರೆಗೆ ಕಾದರು. ಆಮೇಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು ಕೆಳಮನೆಯ ಬಾಗಿಲು ತಟ್ಟಿದರು. ಅವರಿಗೆ ಇನ್ಸುಲಿನ್ ಚುಚ್ಚಬೇಕಿತ್ತು. ಕೆಳಮನೆಯ ಮುದುಕರು ಊತಕ್ಕೆಂದು ಹಾಕುವ ಬಿಗಿ ಕಾಲುಚೀಲ ಹಾಕಿಸಿಕೊಂಡು ಆರಾಮವಾಗಿ ಪೇಪರ್ ಓದುತ್ತಿದ್ದರು. ನರ್ಸ್ ಬಂದು ಹೋಗಿ ಮೂರು ಗಂಟೆಯಾಗಿತ್ತು. ಅವಳ ಫೋನಿನಲ್ಲಿ ಆ ವಿಳಾಸದ ಕೆಲಸ ಮುಗಿದಿದೆ ಎಂದು ಹಸಿರು ಗುರುತು ಬಿದ್ದಿತ್ತು.

ಆ ಹಸಿರು ಗುರುತು ನಮ್ಮದು. ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರಿನ ಆಫೀಸುಗಳ ಸಾಲಿನಲ್ಲಿ ಕೂತು ನಾವು ಆರು ಜನ, ಮನೆಮನೆಗೆ ಹೋಗುವ ನರ್ಸ್‌ಗಳ ದಿನದ ಪಟ್ಟಿ ತಯಾರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ನನ್ನ ಕೆಲಸ ಪರೀಕ್ಷೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಇದ್ದೇ ಇದೆ ಎಂದುಕೊಂಡು ಹುಡುಕುವುದು. ಅನುಮಾನ ಪಡುವುದಕ್ಕೇ ನಿನಗೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಯಾಕೆ ಪುಕ್ಕಟೆ ಮಾಡುತ್ತೀ ಎಂದು ನನ್ನ ಗಂಡ ಛೇಡಿಸುವುದುಂಟು.

ಅಜ್ಜಿಗೆ ಏನೂ ಆಗಲಿಲ್ಲ. ಕೆಳಮನೆಯವರು ಫೋನ್ ಮಾಡಿ, ನರ್ಸ್ ಓಡಿ ಬಂದು, ಡಾಕ್ಟರು ನೋಡಿ, ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ಆದರೆ ಅದೇ ಬೆಳಿಗ್ಗೆ ಯುಟ್ರೆಕ್ಟ್‌ನಲ್ಲಿ ಹನ್ನೊಂದು ಮನೆಗಳಿಗೆ ಯಾರೂ ಹೋಗಿರಲಿಲ್ಲ.

ಕಾರಣ ಹುಡುಕಲು ಅರ್ಧ ದಿನವೂ ಬೇಕಾಗಲಿಲ್ಲ. ಈ ಡಚ್ಚರ ದೇಶದಲ್ಲಿ ಪಿನ್‌ಕೋಡು ಮತ್ತು ಮನೆ ನಂಬರು ಎರಡೇ ಕೊಟ್ಟರೆ ಸಾಕು, ವಿಳಾಸ ಸಿಕ್ಕಿಬಿಡುತ್ತದೆ. ನಮ್ಮ ಪಟ್ಟಿಯಲ್ಲಿ ಒಂದೇ ವಿಳಾಸ ಎರಡೆರಡು ಸಲ ಸೇರಿಕೊಂಡಿತ್ತು. ಅದನ್ನು ಶುಚಿ ಮಾಡಲು ಒಂದು ಪುಟ್ಟ ಪ್ರೋಗ್ರಾಂ ಬರೆಯಲಾಗಿತ್ತು: ಪಿನ್‌ಕೋಡು, ನಂಬರು ಎರಡೂ ಒಂದೇ ಆಗಿದ್ದರೆ ಅದು ಒಂದೇ ಮನೆ, ಸೇರಿಸಿಬಿಡು. ಆದರೆ ಯುಟ್ರೆಕ್ಟ್‌ನ ಹಳೆಯ ಬೀದಿಗಳಲ್ಲಿ ಕೆಳಮನೆ ಹದಿನಾಲ್ಕಾದರೆ ಮೇಲಿನ ಮನೆ ‘ಹದಿನಾಲ್ಕು ಬಿಸ್’. ನಂಬರಿನ ಹಿಂದೆ ಬರುವ ಆ ಬಾಲವನ್ನು ಪ್ರೋಗ್ರಾಂ ನೋಡಲೇ ಇಲ್ಲ. ಮೇಲಿನ ಮನೆಗಳೆಲ್ಲ ಕೆಳಗಿನ ಮನೆಗಳೊಳಗೆ ಸೇರಿಹೋದವು.

ಪ್ರೋಗ್ರಾಂ ಬರೆದವನು ತುಮಕೂರಿನವನು. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ. ಹೆಂಡತಿ, ಡಚ್ ಶಾಲೆಗೆ ಹೋಗುವ ಮಗಳು. ನನ್ನನ್ನು ಅಕ್ಕಾ ಎನ್ನುತ್ತಾನೆ. ಪರಿಶೀಲಿಸಿ ಒಪ್ಪಿಗೆ ಕೊಟ್ಟವಳು ನಾನು. ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಯಾವುದೂ ಒಳಗೆ ಹೋಗುವುದಿಲ್ಲ. ಒಪ್ಪುವ ಮುಂಚೆ ನಾನು ಅವನನ್ನು ಕೇಳಿದ್ದೆ.

“ಯುಟ್ರೆಕ್ಟ್ ಡೇಟಾ ಮೇಲೆ ರನ್ ಮಾಡಿದ್ಯಾ?”

“ಹೂಂ ಅಕ್ಕಾ, ಮಾಡಿದೀನಿ. ಸ್ಕ್ರೀನ್‌ಶಾಟ್ ಹಾಕಿದೀನಿ ನೋಡಿ.”

ನೋಡಿದೆ. ಎಲ್ಲ ಹಸಿರಾಗಿತ್ತು. ಒಪ್ಪಿಗೆ ಒತ್ತಿದೆ.

ಅನಾಹುತದ ಮಾರನೆಯ ದಿನ ಅದೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಕಂಡ ಪಿನ್‌ಕೋಡುಗಳು ಕಾಪೆಲ್ಲೆಯವು. ಕಾಪೆಲ್ಲೆಯ ಆ ಹೊಸ ಬಡಾವಣೆಗಳಲ್ಲಿ ಬಿಸ್ ಮನೆಗಳೇ ಇಲ್ಲ. ಅವನು ಯುಟ್ರೆಕ್ಟ್ ಮೇಲೆ ಪರೀಕ್ಷೆ ಮಾಡಿಯೇ ಇರಲಿಲ್ಲ.

ಆ ಮಧ್ಯಾಹ್ನವೇ ಮೀಟಿಂಗು. ತಂಡದ ಮುಖ್ಯಸ್ಥೆ ಡಚ್ ಹೆಂಗಸು, ನೇರ ಮಾತು. “ಯಾರು ಎಂದು ಕೇಳುವುದಿಲ್ಲ, ಹೇಗೆ ಎಂದು ಕೇಳುತ್ತೇನೆ” ಎಂದು ಶುರುಮಾಡಿದರು. ನಾನು ತುಮಕೂರಿನವನ ಮುಖ ನೋಡಿದೆ. ಅವನು ತನ್ನ ಪೆನ್ನಿನ ಮುಚ್ಚಳ ನೋಡುತ್ತಿದ್ದ. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ವರದಿಯಲ್ಲಿ ಕೊನೆಗೆ ಬಂದ ಸಾಲು ಇದು: ಪರಿಶೀಲನೆ ಸಾಲದೆ ಹೋಯಿತು. ಹೆಸರಿಲ್ಲ, ದೂರಿಲ್ಲ. ಪರಿಶೀಲಿಸಿದವರು ಯಾರು ಎಂಬುದು ಮಾತ್ರ ಆರೂ ಜನಕ್ಕೆ ಗೊತ್ತು.

ಎರಡು ದಿನ ಬಿಟ್ಟು ಕಾಫಿ ಮಷೀನಿನ ಮುಂದೆ ಅವನು ಹತ್ತಿರ ಬಂದ.

“ಅಕ್ಕಾ, ಆ ವಿಷ್ಯಕ್ಕೆ ಸಾರಿ. ಬೇಜಾರ್ ಮಾಡ್ಕೋಬೇಡಿ.”

“ಅಯ್ಯೋ ಪರವಾಗಿಲ್ಲ ಬಿಡು. ನಾನು ಕ್ಷಮಿಸಿದೀನಿ.”

ಲೋಟ ತುಂಬುವಷ್ಟರಲ್ಲಿ ಮುಗಿದುಹೋಯಿತು. ನಾನು ಕ್ರೈಸ್ತಳು, ಮೈಸೂರಿನ ಹಳೆಯ ಕ್ರೈಸ್ತ ಮನೆತನ. ಕ್ಷಮಿಸುವುದನ್ನು ಅಆಇಈ ಜೊತೆಗೇ ಕಲಿಸಿದ್ದರು. ಎಷ್ಟು ಸಲೀಸಾಗಿ ಹೊಟ್ಟೆಗೆ ಹಾಕಿಕೊಂಡೆನಲ್ಲ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತು. ಆ ಭಾನುವಾರ ದ ಹೇಗ್‌ನಲ್ಲಿ ಬಾಡಿಗೆ ಹಾಲಿನಲ್ಲಿ ಸೇರುವ ನಮ್ಮ ಸಭೆಗೆ ಹೋಗಿ ಕರ್ತನ ಭೋಜನದ ರೊಟ್ಟಿಯ ಚೂರನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಂಡು ಬಂದೆ.

ಸೋಮವಾರದಿಂದ ಅನುಮಾನ ಶುರುವಾಯಿತು. ‘ಆ ವಿಷ್ಯ’ ಅಂದನಲ್ಲ, ಯಾವ ವಿಷಯ? ಪ್ರೋಗ್ರಾಂ ಕೆಟ್ಟದ್ದಕ್ಕೋ, ಸುಳ್ಳು ಹೇಳಿದ್ದಕ್ಕೋ, ಮೀಟಿಂಗಿನಲ್ಲಿ ಸುಮ್ಮನೆ ಕೂತದ್ದಕ್ಕೋ? ಚಿತ್ರ ಕಾಪೆಲ್ಲೆಯದೆಂದು ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತೇ? ಗೊತ್ತಾಗಿಯೇ ಬಾಯಿ ಮುಚ್ಚಿಸಲು ಬಂದನೋ?

ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದೆ. ಯಾರಾದರೂ ಕಂಡರೆ ಎಂದು ಅದಕ್ಕೆ ‘ಅಡುಗೆ’ ಎಂದು ಹೆಸರಿಟ್ಟೆ. ಅವನು ಬರೆದ ಪ್ರತಿ ಬದಲಾವಣೆಯನ್ನು ಓದಿ, ಒಪ್ಪಿ, ಶುಕ್ರವಾರ ಮಧ್ಯಾಹ್ನ ಮತ್ತೆ ಗುಟ್ಟಾಗಿ ಓದುತ್ತಿದ್ದೆ. ಸಿಕ್ಕಿದ್ದನ್ನೆಲ್ಲ ಅಡುಗೆಯಲ್ಲಿ ದಾಖಲು ಮಾಡುತ್ತಿದ್ದೆ. ಪರೀಕ್ಷೆಯ ಹೆಸರು ತಪ್ಪು. ಟಿಪ್ಪಣಿ ಬರೆದಿಲ್ಲ. ಹತ್ತು ನಿಮಿಷ ತಡ. ಎದುರಿಗೆ ಸಿಕ್ಕಾಗ ನಗುತ್ತಿದ್ದೆ. ಬಕ್ರೀದಿಗೆ ಅವನ ಹೆಂಡತಿ ಕೊಟ್ಟು ಕಳಿಸಿದ್ದ ಡಬ್ಬಿಯನ್ನು ಎಂದೋ ಹಿಂದಿರುಗಿಸಬೇಕಿತ್ತು, ಈಗ ಅದರಲ್ಲಿ ಚಕ್ಕುಲಿ ತುಂಬಿ ಕೊಟ್ಟೆ. ಅದೂ ನಾಟಕವೇ ಎಂದು ಕೊಡುವಾಗಲೇ ಗೊತ್ತಿತ್ತು.

ಚಳಿಗಾಲ ಹೀಗೇ ಕಳೆಯಿತು. ಫೆಬ್ರವರಿಯಲ್ಲಿ ಮುಖ್ಯಸ್ಥೆ ನನ್ನನ್ನು ಕರೆದರು.

“ಅವನ ಕಾಂಟ್ರ್ಯಾಕ್ಟ್ ಮಾರ್ಚ್ ಕೊನೆಗೆ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ನಾನು ಮೇಲಿನವರಿಗೆ ಹೇಳಬೇಕು. ಅವನ ಕೆಲಸವನ್ನು ಹತ್ತಿರದಿಂದ ನೋಡುವವರು ನೀವು. ಅವನನ್ನು ನಂಬಬಹುದೇ? ಶುಕ್ರವಾರದೊಳಗೆ ಬರೆದು ಕೊಡಿ.”

ಕಾಂಟ್ರ್ಯಾಕ್ಟ್ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋದಂತೆ. ಕೆಲವು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ಮೂರೂ ಜನ ಗಂಟುಮೂಟೆ ಕಟ್ಟಬೇಕು. ಅದು ಮುಖ್ಯಸ್ಥೆಗೂ ಗೊತ್ತು, ನನಗೂ ಗೊತ್ತು. ನನ್ನನ್ನೇ ಯಾಕೆ ಕೇಳಿದರು ಎಂದು ಅದಕ್ಕೂ ಒಂದು ಅನುಮಾನ ಹುಟ್ಟಿತು. ಚಿತ್ರದ ವಿಷಯ ಇವರಿಗೂ ಗೊತ್ತಾಗಿ ನನ್ನನ್ನೇ ಪರೀಕ್ಷಿಸುತ್ತಿದ್ದಾರೆಯೇ?

ಬರೆಯುವ ಮುಂಚೆ ಇನ್ನೊಂದು ಸಲ ಅವನ ಜಾಡು ಹಿಡಿದೆ. ಯಾರು ಯಾವಾಗ ಏನು ತೆರೆದರು ಎಂಬುದೆಲ್ಲ ನಮ್ಮಲ್ಲಿ ದಾಖಲಾಗುತ್ತದೆ. ಎಂಟು ವಾರದ ದಾಖಲೆ ತೆಗೆದು ಅವನ ಹೆಸರು ಹುಡುಕಿದೆ. ಪ್ರತಿ ಕೆಲಸದ ದಿನ ಬೆಳಿಗ್ಗೆ ಆರು ಐವತ್ತಕ್ಕೆ, ಮನೆಯಿಂದಲೇ, ಹನ್ನೊಂದು ವಿಳಾಸ. ಅದೇ ಹನ್ನೊಂದು. ಯಾರೂ ಹೇಳಿದ ಕೆಲಸವಲ್ಲ. ಕಾರಣವಿಲ್ಲದೆ ರೋಗಿಗಳ ಮಾಹಿತಿ ತೆರೆದರೆ ನಮ್ಮಲ್ಲಿ ಕೆಲಸದಿಂದಲೇ ತೆಗೆಯಬಹುದು.

ಏನನ್ನೋ ಅಳಿಸುತ್ತಿದ್ದಾನೆ ಎಂದುಕೊಂಡೆ. ಸುಳ್ಳಿನ ಕುರುಹು ತೆಗೆಯುತ್ತಿದ್ದಾನೆ. ಕೂತಲ್ಲೇ ಮುಖ್ಯಸ್ಥೆಗೆ ಮೇಲ್ ಬರೆದೆ. ಸ್ಕ್ರೀನ್‌ಶಾಟು, ಬೆಳಗಿನ ದಾಖಲೆ, ಅಡುಗೆಯಿಂದ ಆರಿಸಿದ ಏಳೆಂಟು ಸಾಲು. ಓದಿದಾಗ ಬಹಳ ಚೆನ್ನಾಗಿತ್ತು. ನಾಲ್ಕು ತಿಂಗಳಲ್ಲಿ ಅಷ್ಟು ಸಂತೋಷವಾದದ್ದು ಅದೇ ಮೊದಲು. ಆ ಸಂತೋಷವೇ ನನ್ನನ್ನು ತಡೆದದ್ದು. ಕ್ಷಮಿಸಿದವಳಿಗೆ ಇಷ್ಟು ಸಂತೋಷ ಎಲ್ಲಿಂದ ಬಂತು?

ಮೇಲ್ ಕಳಿಸದೆ ಸಂಜೆಯ ರೈಲು ಹಿಡಿದೆ. ಗೌಡಾ ಸ್ಟೇಷನ್ ದಾಟುವಷ್ಟರಲ್ಲಿ ಅಪ್ಪ ನೆನಪಾದರು.

ನಮ್ಮ ಮನೆಯಲ್ಲಿ ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ಶನಿವಾರ ಒಂದು ಕ್ರಮವಿತ್ತು. ಯಾರ ಮೇಲೆ ಮುನಿಸಿದ್ದರೂ ಅವತ್ತು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕು, ಇಲ್ಲದಿದ್ದರೆ ಭಾನುವಾರ ರೊಟ್ಟಿ ಮುಟ್ಟುವ ಹಾಗಿಲ್ಲ. ಮೊದಲು ಒಬ್ಬರೇ ಹೋಗಿ ಮಾತಾಡಬೇಕು. ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಅದೂ ಆಗದಿದ್ದರೆ ಮಾತ್ರ ಸಭೆಯ ಹಿರಿಯರಿಗೆ. ಒಮ್ಮೆ ಪಕ್ಕದ ಮನೆಯವರು ಬೇಲಿಯ ಜಗಳಕ್ಕೆ ಕ್ಷಮೆ ಕೇಳಲು ಬಂದಾಗ ಅಮ್ಮ “ಪರವಾಗಿಲ್ಲ ಬಿಡಿ” ಎಂದು ಕಳಿಸಿಬಿಟ್ಟಿದ್ದರು. ಅವರು ಹೋದ ಮೇಲೆ ಅಪ್ಪ ಸಿಡಿಮಿಡಿಗೊಂಡರು.

“ಪರವಾಗಿಲ್ಲ ಅಂದ್ರೆ ತಪ್ಪೇ ಆಗಿಲ್ಲ ಅಂತ. ತಪ್ಪಾಗಿದೆ ಕಣೇ. ಏನಾಯ್ತು ಅಂತ ಇಬ್ರೂ ಬಾಯಿ ಬಿಟ್ಟು ಹೇಳ್ಬೇಕು, ಆಮೇಲೆ ಬಿಡ್ಬೇಕು. ಹೇಳ್ದೇನೇ ಬಿಟ್ರೆ ಅದು ಒಳಗೇ ಇರತ್ತೆ.”

ಕಾಫಿ ಮಷೀನಿನ ಮುಂದೆ ನಾನು ಮಾಡಿದ್ದು ಅದನ್ನೇ. ಇಬ್ಬರಲ್ಲಿ ಯಾರೂ ಏನೂ ಹೇಳಿರಲಿಲ್ಲ. ನಾಲ್ಕು ಸಲ ರೊಟ್ಟಿ ಮುಟ್ಟಿದ್ದೆ, ಅಡುಗೆ ಫೈಲು ಇಟ್ಟುಕೊಂಡು. ಈಗ ಮೇಲ್ ಕಳಿಸಿದರೆ ಅಪ್ಪನ ಮೊದಲ ಎರಡು ಮೆಟ್ಟಿಲನ್ನೂ ಹಾರಿ ನೇರ ಮೂರನೆಯದಕ್ಕೆ ಕಾಲಿಟ್ಟ ಹಾಗೆ.

ಯುಟ್ರೆಕ್ಟ್‌ನಲ್ಲಿ ಇಳಿದು ಮನೆಗೆ ಬಂದೆ. ನಮ್ಮ ಕೆಳಮನೆಯವರು ಬಾಗಿಲು ತೆರೆದು ನನ್ನ ಪಾರ್ಸೆಲ್ ಕೈಗಿಟ್ಟರು. ನನ್ನ ಪಾರ್ಸೆಲ್‌ಗಳೆಲ್ಲ ಅವರ ಮನೆಗೇ ಬರುವುದು. ಯಾಕೆಂದರೆ ಅವರದು ಮೂವತ್ತೊಂದು, ನಮ್ಮದು ಮೂವತ್ತೊಂದು ಬಿಸ್.

ಹೌದು. ಇಷ್ಟು ಹೊತ್ತು ಇಲ್ಲಿಯೂ ಬರೆಯದೆ ಮುಂದೂಡಿದ ಮಾತು ಇದು. ಏಳು ವರ್ಷದಿಂದ ನಾನು ಇರುವುದು ಬಿಸ್ ಮನೆಯಲ್ಲಿ. ನನ್ನ ಮನೆಯ ಬಾಗಿಲ ಮೇಲಿದ್ದ ಅಕ್ಷರವನ್ನು ಮರೆತು ಆ ಪ್ರೋಗ್ರಾಂ ಓದಿ ಒಪ್ಪಿದವಳು ನಾನು. ಮೀಟಿಂಗಿನಲ್ಲಿ ಅವನು ಬಾಯಿ ಬಿಡಲಿಲ್ಲ ಎಂದು ಕುದಿಯುತ್ತಿದ್ದಾಗ ನಾನು ಬಾಯಿ ಬಿಡದಿದ್ದುದಕ್ಕೆ ಕಾರಣ ಔದಾರ್ಯವಲ್ಲ. ನಿಮ್ಮ ಮನೆ ಎಲ್ಲಿ ಎಂದು ಯಾರಾದರೂ ಕೇಳಿಯಾರೆಂಬ ಭಯ.

ಗುರುವಾರ ಊಟದ ಹೊತ್ತಿಗೆ ಅವನನ್ನು ಕರೆದೆ. ನಮ್ಮ ಆಫೀಸಿನ ಹಿಂದೆ ಒಂದು ಕೊಳವಿದೆ. ಬ್ರೆಡ್ಡು ತಿಂದಾದ ಮೇಲೆ ಡಚ್ಚರೆಲ್ಲ ಅದರ ಸುತ್ತ ಬಿರಬಿರನೆ ಎರಡು ಸುತ್ತು ಹಾಕುತ್ತಾರೆ. ನಾವೂ ಹೊರಟೆವು. ಗಾಳಿ ಮುಖಕ್ಕೆ ರಾಚುತ್ತಿತ್ತು.

“ಆವತ್ತು ಪರವಾಗಿಲ್ಲ ಅಂದೆನಲ್ಲ, ಅದು ಸುಳ್ಳು” ಎಂದೆ. “ನಂಗೆ ತುಂಬಾ ಬೇಜಾರಾಗಿತ್ತು. ಈಗ್ಲೂ ಇದೆ. ಆ ಸ್ಕ್ರೀನ್‌ಶಾಟ್ ಎಲ್ಲಿದು?”

ಅವನು ನಡೆಯುವುದನ್ನು ನಿಲ್ಲಿಸಲಿಲ್ಲ.

“ಕಾಪೆಲ್ಲೆದು” ಎಂದ. “ಯುಟ್ರೆಕ್ಟ್ ಮೇಲೆ ರನ್ ಮಾಡೋಕೆ ಎರಡು ಗಂಟೆ ಬೇಕಿತ್ತು. ಮಗಳನ್ನ ಸ್ಕೂಲಿಂದ ಕರ್ಕೊಂಡ್ ಬರೋ ಟೈಮ್ ಆಗಿತ್ತು. ಏನಾಗತ್ತೆ ಅನ್ಕೊಂಡು ಹಳೇದನ್ನ ಹಾಕ್ದೆ. ನೀವು ಕೇಳ್ದಾಗ ಸುಳ್ಳು ಹೇಳ್ದೆ. ಮೀಟಿಂಗಲ್ಲಿ ಹೇಳೋಣ ಅಂತಾನೇ ಬಂದಿದ್ದೆ ಅಕ್ಕಾ. ಧೈರ್ಯ ಬರ್ಲಿಲ್ಲ. ಪರ್ಮಿಟ್ ಕಣ್ಮುಂದೆ ಬಂತು.”

“ಬೆಳಿಗ್ಗೆ ಆರು ಐವತ್ತಕ್ಕೆ ಏನ್ ಮಾಡ್ತೀಯ?”

ಈಗ ನಿಂತ.

“ನಿಮ್ಗೆ ಅದೂ ಗೊತ್ತಾ? ಆ ಹನ್ನೊಂದು ಮನೆ ನರ್ಸ್ ಲಿಸ್ಟಲ್ಲಿ ಇದ್ಯಾ ಅಂತ ನೋಡ್ತೀನಿ. ಅಷ್ಟೇ. ಹನ್ನೊಂದೂ ಇದ್ರೆ ಚಾ ಕುಡೀತೀನಿ.”

ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೇಲೆ ಆಫೀಸಿಗೆ ಹೋಗಿ ದಾಖಲೆಯನ್ನು ಮತ್ತೆ ತೆಗೆದೆ. ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಸಾಲು ನೋಡಿದೆ. ಪಟ್ಟಿಯನ್ನಷ್ಟೇ ತೆರೆದಿದ್ದ. ಒಬ್ಬರ ಕಾಯಿಲೆಯ ಪುಟವನ್ನೂ ಮುಟ್ಟಿರಲಿಲ್ಲ, ಒಂದು ಅಕ್ಷರವನ್ನೂ ಬದಲಾಯಿಸಿರಲಿಲ್ಲ. ಹಾಗಿದ್ದರೂ ನಿಯಮ ಮುರಿದದ್ದು ಮುರಿದದ್ದೇ.

ಆಮೇಲೆ ನನ್ನ ಸರದಿ. ಅಡುಗೆ ಫೈಲು ತೆರೆದು ಅವನ ಕಡೆ ತಿರುಗಿಸಿದೆ. ಬಿಸ್ ಮನೆಯ ವಿಷಯವನ್ನೂ ಹೇಳಿದೆ. ಅವನು ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಒಂದು ಕಡೆ ಬೆರಳಿಟ್ಟ.

“ಇದು ನನ್ ತಪ್ಪಲ್ಲ. ನಿಮ್ದು. ನೀವೇ ಆ ಟೆಸ್ಟ್ ತೆಗ್ಸಿದ್ದು.”

ನಿಜ. ನನ್ನದೇ.

“ನೀವು ಬಿಸ್‌ನಲ್ಲೇ ಇದ್ದೀರ” ಎಂದ. “ಆ ಅಜ್ಜಿ ಸಾಯೋ ಹಾಗ್ ಮಾಡಿದ್ದು ನಾನೊಬ್ನೇ ಅಂತ ನಾಲ್ಕು ತಿಂಗಳಿಂದ ಅನ್ಕೊಂಡಿದ್ದೆ. ನೀವು ನಗ್ತಾ ಚಕ್ಕುಲಿ ಕೊಡ್ತಿದ್ರಿ.”

“ಕ್ಷಮಿಸು ಕಣಪ್ಪ” ಎಂದೆ. ಅವನು ಪರವಾಗಿಲ್ಲ ಎನ್ನಲಿ ಎಂದು ಎಷ್ಟು ಆಸೆಯಾಯಿತೆಂದರೆ ನಾಚಿಕೆಯಾಯಿತು.

ಅವನು ಅನ್ನಲಿಲ್ಲ. “ನಮ್ ತಾತ ಹಜ್‌ಗೆ ಹೊರಡೋ ಮುಂಚೆ ಮನೆಮನೆಗೂ ಹೋಗಿ ಮಾಫಿ ಕೇಳಿದ್ರು. ಒಬ್ರು ಕೊಡ್ಲಿಲ್ಲ. ಮೂರು ದಿನ ಅವ್ರ ಜಗಲಿ ಮೇಲೆ ಕೂತಿದ್ರು ತಾತ. ನಂಗೂ ಸ್ವಲ್ಪ ದಿನ ಬೇಕು ಅಕ್ಕಾ” ಎಂದು ಎದ್ದು ಹೋದ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಮುಖ್ಯಸ್ಥೆಯ ಮುಂದೆ ಕೂತೆವು. ಅವನು ಚಿತ್ರದ ಸುಳ್ಳನ್ನೂ ಬೆಳಗಿನ ಆರು ಐವತ್ತನ್ನೂ ಹೇಳಿದ. ನಾನು ನನ್ನ ಮನೆಯ ನಂಬರು ಹೇಳಿದೆ. ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆವತ್ತೇ ಯಾಕೆ ಹೇಳಲಿಲ್ಲ ಎಂದು ಇಬ್ಬರನ್ನೂ ಕೇಳಿದರು. ವರದಿ ಮತ್ತೆ ಬರೆಯಬೇಕು, ಬೆಳಗಿನ ಇಣುಕಾಟ ಈ ಕ್ಷಣಕ್ಕೆ ನಿಲ್ಲಬೇಕು, ಆ ಕೆಲಸವನ್ನು ಮಷೀನೇ ಮಾಡುವ ಹಾಗೆ ಬರೆಯಬೇಕು ಎಂದರು. ನಿಯಮ ಮುರಿದದ್ದನ್ನು ಮೇಲಿನವರಿಗೆ ತಿಳಿಸಲೇಬೇಕು ಎಂದರು.

“ನನ್ನ ಪ್ರಶ್ನೆಗೆ ಉತ್ತರ? ಅವನನ್ನು ನಂಬಬಹುದೇ?”

ಬರೆದು ತಂದಿದ್ದೆ. ಅವನು ಉಳಿಯಬೇಕು. ಆದರೆ ಅವನು ಕಳಿಸುವ ಚಿತ್ರ ನೋಡಿ ನಾನು ಒಪ್ಪುವುದು ಇನ್ನು ಇಲ್ಲ, ನಾನು ಒಪ್ಪಿದೆ ಎಂದ ಮಾತ್ರಕ್ಕೆ ಅವನು ನಂಬುವುದೂ ಇಲ್ಲ. ಪರೀಕ್ಷೆಯನ್ನು ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಓಡಿಸುತ್ತೇವೆ, ಎಷ್ಟು ಹೊತ್ತಾದರೂ. ಮುಖ್ಯಸ್ಥೆ ಎರಡು ಸಲ ಓದಿದರು. ತೀರ್ಮಾನ ತಮ್ಮೊಬ್ಬರ ಕೈಯಲ್ಲಿಲ್ಲ ಎಂದರು.

ಮಾರ್ಚಿನ ಮೊದಲ ಭಾನುವಾರ ದ ಹೇಗ್‌ಗೆ ಹೋದೆ. ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂತು. ನಾನು ಮುಟ್ಟದೆ ಪಕ್ಕದವರಿಗೆ ದಾಟಿಸಿದೆ. ಅವರು ನನ್ನ ಮುಖ ನೋಡಿದರು. ಹುಷಾರಿಲ್ಲವೇ ಎಂದು ಆಮೇಲೆ ಮೂವರು ಕೇಳಿದರು. ಒಂದು ಮನೆಯ ಜಗಲಿಯ ಮೇಲೆ ಕೂತಿದ್ದೇನೆ ಎಂದು ಅವರಿಗೆ ಹೇಗೆ ಹೇಳುವುದು?

ಆಫೀಸಿನಲ್ಲಿ ನಾವು ಒಂದೇ ಪರದೆಯ ಮುಂದೆ ಕೂರತೊಡಗಿದೆವು. ಕೆಲಸದ ಮಾತು ಬಿಟ್ಟು ಬೇರೆ ಮಾತು ಅಪರೂಪ. ಯುಟ್ರೆಕ್ಟ್ ಪೂರ್ತಿ ಓಡುವ ಎರಡು ಗಂಟೆ ಇಬ್ಬರೂ ಪರದೆ ನೋಡುತ್ತಿದ್ದೆವು. ಮೂರನೆಯ ವಾರ ಪತ್ರ ಬಂತು. ಕಾಂಟ್ರ್ಯಾಕ್ಟ್ ಒಂದು ವರ್ಷಕ್ಕೆ ಮುಂದುವರಿಯಿತು, ಎಚ್ಚರಿಕೆಯ ಪತ್ರದ ಜೊತೆಗೆ. ನನಗೂ ಒಂದು ಎಚ್ಚರಿಕೆ ಸಿಕ್ಕಿತು. ಅವನು ಪತ್ರ ಓದಿ ಮಡಿಸಿ ಜೇಬಿಗಿಟ್ಟುಕೊಂಡು “ಟೆಸ್ಟ್ ಶುರು ಮಾಡೋಣ್ವಾ” ಎಂದ. ಅಷ್ಟೇ.

ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೆಲ್ ಆಯಿತು. ಬೆಲ್ ಹೊಡೆದವರೆಲ್ಲ ಮೊದಲು ಕೆಳಮನೆಯದನ್ನು ಒತ್ತಿ ಬೈಸಿಕೊಳ್ಳುವುದೇ ರೂಢಿ. ಅವತ್ತು ನೇರ ನಮ್ಮದೇ ಆಯಿತು. ಕಡಿದಾದ ಮೆಟ್ಟಿಲು ಹತ್ತಿ ಬಂದವನು ತುಮಕೂರಿನವನು, ಕೈಯಲ್ಲಿ ನಾನು ಚಕ್ಕುಲಿ ತುಂಬಿ ಕೊಟ್ಟಿದ್ದ ಅದೇ ಡಬ್ಬಿ. ಶನಿವಾರದ ಕ್ರಮವನ್ನು ಎಂದೋ ಪರದೆಯ ಮುಂದೆ ಕೂತಾಗ ಅವನಿಗೆ ಹೇಳಿದ್ದೆ.

ಕೂರು ಎಂದರೂ ಕೂರಲಿಲ್ಲ. “ನಾನು ಸುಳ್ಳು ಹೇಳ್ದೆ, ನಿಮ್ ಮೇಲೆ ಬರೋಕೆ ಬಿಟ್ಟೆ” ಎಂದ. “ನೀವು ಮಾಫ್ ಮಾಡಿದೀನಿ ಅಂತ ಹೇಳಿ ನಾಲ್ಕು ತಿಂಗ್ಳು ನನ್ ಹಿಂದೆ ಲೆಕ್ಕ ಇಟ್ರಿ. ನಿಮ್ ತಪ್ಪು ಮುಚ್ಚಿಟ್ರಿ. ಎರಡೂ ಆಗಿದೆ. ನಂದು ನೀವು ಬಿಡ್ತೀರಾ?”

“ಬಿಟ್ಟಿದೀನಿ” ಎಂದೆ. ಈ ಸಲ ಏನನ್ನು ಬಿಡುತ್ತಿದ್ದೇನೆಂದು ಗೊತ್ತಿತ್ತು.

“ನಿಮ್ದನ್ನ ನಾನೂ ಮಾಫ್ ಮಾಡಿದೀನಿ.” ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಆ ಅಡುಗೆ ಫೈಲು?”

“ಆವತ್ತೇ ಅಳಿಸ್ದೆ.”

“ತೋರ್ಸಿ.”

ಫೋನ್ ತೆಗೆದೆ, ಅಳಿಸಿದ ಮೇಲೆ ತೆಗೆದಿಟ್ಟಿದ್ದ ಫೈಲುಗಳ ಪಟ್ಟಿಯ ಚಿತ್ರ ತೋರಿಸೋಣವೆಂದು. ಅವನು ತಲೆಯಾಡಿಸಿದ.

“ಸ್ಕ್ರೀನ್‌ಶಾಟ್ ಬೇಡ ಅಕ್ಕಾ. ಮಷೀನ್ ತೆಗೀರಿ.”

ಆಫೀಸಿನ ಲ್ಯಾಪ್‌ಟಾಪ್ ತೆರೆದು ಹುಡುಕಿ ತೋರಿಸಿದೆ. ಕಸದ ಬುಟ್ಟಿಯನ್ನೂ ತೆರೆಸಿ ನೋಡಿದ. ಖಾಲಿಯಿತ್ತು. ಆಮೇಲೆ ಕೂತ, ನಾನು ಚಾ ಇಟ್ಟೆ.